ಬಾಗಿಲ ಹಿಂದೆ ಬರೆದ ಮಾತು

“ಬಾಯಾರಿದ್ರೆ ಪಾಪಾ ನಿಮ್ಮ ಭಾಷೇಲಿ ಏನಂತ ಕೇಳ್ತಾಳೆ, ಮಾ?”

ವೇಲಚೇರಿಯ ಅಂಗನವಾಡಿಯ ಆಯಮ್ಮ ತಮಿಳಿನಲ್ಲಿ ಹೀಗೆ ಕೇಳಿದಾಗ ನಾನು ಕಿಟಕಿಯ ಸರಳುಗಳು ಗಟ್ಟಿಯಾಗಿವೆಯೇ ಎಂದು ನೋಡುತ್ತಿದ್ದೆ. ಕನ್ನಡ ಮಾತ್ರ ಬರುವ ನನ್ನ ಮೂರು ವರ್ಷದ ಮಗಳಿಗಾಗಿ ಆ ವಾರ ನೋಡಿದ ಮೂರನೆಯ ಅಂಗನವಾಡಿ ಅದು. ಮೊದಲನೆಯದರಲ್ಲಿ ಶೌಚಾಲಯ ಚೊಕ್ಕಟವಾಗಿತ್ತು. ಎರಡನೆಯದಕ್ಕೆ ಎತ್ತರದ ಕಾಂಪೌಂಡ್ ಇತ್ತು. ಇಲ್ಲಿ ಎರಡೂ ಇರಲಿಲ್ಲ. ಹಿಂದಿನ ಮಳೆಗಾಲದ ನೀರು ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಗುರುತು ಬಿಟ್ಟಿತ್ತು.

“ನೀರು ಅಂತಾಳೆ” ಎಂದೆ. ಆಯಮ್ಮ ಸೀಮೆಸುಣ್ಣದಿಂದ ಅದನ್ನು ಬಾಗಿಲ ಹಿಂಬದಿ ತಮಿಳು ಲಿಪಿಯಲ್ಲಿ ಬರೆದುಕೊಂಡರು. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ನೀರಿಗೆ, ಉಚ್ಚೆಗೆ, ಹೊಟ್ಟೆನೋವಿಗೆ ತಮ್ಮ ತೆಲುಗು, ಹಿಂದಿ, ಒಡಿಯಾದಲ್ಲಿ ಏನೆನ್ನುತ್ತಾರೆಂಬುದೂ ಅಲ್ಲಿತ್ತು.

“ಭಯ ಆದ್ರೆ?”

“ಏನೂ ಹೇಳಲ್ಲ. ಸುಮ್ಮನಾಗಿಬಿಡ್ತಾಳೆ.”

“ಅಮ್ಮನ ಥರಾನೇ! ನೀವೂ ಬಂದಾಗಿಂದ ಸುಮ್ಮನೆ ಕಿಟಕಿ ನೋಡ್ತಿದ್ರಲ್ಲಾ” ಎಂದು ನಕ್ಕು ಅವರು ಒಂದು ಉದ್ದನೆಯ ಸಾಲು ಬರೆದರು. ಏನೆಂದು ಕೇಳಿದೆ. “ಸುಮ್ಮನೆ ಕೂತ್ರೆ ಎತ್ಕೋಬೇಕು ಅಂತ. ನಾನು ರಜೆ ಹಾಕಿದ ದಿನ ಬರೋರಿಗೂ ಗೊತ್ತಾಗ್ಬೇಕಲ್ಲಾ, ಮಾ?”

ಮನೆಗೆ ಬಂದು ಮೂರನ್ನೂ ಪಟ್ಟಿ ಮಾಡಿ ಹೋಲಿಸಿದೆ. ಎಷ್ಟು ಸಲ ನೋಡಿದರೂ ಆಯಮ್ಮನ ಅಂಗನವಾಡಿಯೇ ಹಿಂದೆ ಬೀಳುತ್ತಿತ್ತು. ಆದರೂ ಮಗಳನ್ನು ಅಲ್ಲಿಗೇ ಸೇರಿಸಿದ್ದೇನೆ. ಮೋಡ ಕವಿದ ದಿನ ಆ ಗೋಡೆಯ ಮೇಲಿನ ನೀರಿನ ಗುರುತು ನೆನಪಾಗಿ ಕಚೇರಿಯಲ್ಲಿ ನನಗೆ ಕೆಲಸ ಸಾಗುವುದಿಲ್ಲ. ಅವಳು ಮಾತ್ರ ಬೆಳಗ್ಗೆ ತಾನೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ.