ಅತ್ತೆಯೊಡನೆ ಮಾದಪ್ಪನ ಬೆಟ್ಟಕ್ಕೆ

ನನ್ನ ಮೊದಲ ಗಂಡ ತೀರಿಕೊಂಡ ಮರುವರ್ಷದ ಶಿವರಾತ್ರಿಗೆ ನಾನೂ ನನ್ನ ಅತ್ತೆಯೂ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಕೊಂಡು ಹೋದೆವು. ನಮ್ಮದು ಮದ್ದೂರಿಗೆ ಹತ್ತಿರ, ವೈದ್ಯನಾಥಪುರದಿಂದ ಆಚೆಗೆ, ಹೊಳೆ ಪಕ್ಕದ ಹಳ್ಳಿ. ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗಲೇ ಪ್ರತಿ ವರ್ಷ ಅಲ್ಲಿಂದ ಒಂದಷ್ಟು ಜನ ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಆ ಗುಂಪಿಗೆ ನಾವು ಪರಿಸೆ ಎನ್ನುತ್ತೇವೆ. ಮಳವಳ್ಳಿ ದಾಟಿ, ಕಾವೇರಿ ದಾಟಿ, ಕೊಳ್ಳೇಗಾಲ, ಹನೂರು, ಕೌದಳ್ಳಿ ಎಲ್ಲ ಕಳೆದ ಮೇಲೆ ತಾಳಬೆಟ್ಟ ಸಿಗುತ್ತದೆ. ಅಲ್ಲಿಂದ ಮೇಲಕ್ಕೆ ಕಾಡು.

ಹರಕೆ ನನ್ನದಲ್ಲ, ಅತ್ತೆಯದೂ ಅಲ್ಲ. ಅತ್ತೆಗೆ ಹೊಟ್ಟೆಯಲ್ಲಿ ಗೆಡ್ಡೆ ಇದೆ ಎಂದು ಮಂಡ್ಯದಲ್ಲಿ ಆಪರೇಷನ್ ಆದಾಗ ನನ್ನ ಗಂಡ ಆಸ್ಪತ್ರೆಯ ವರಾಂಡದಲ್ಲೇ ನಿಂತು ಕೈಮುಗಿದಿದ್ದರು. ಅವ್ವ ಮನೆಗೆ ಬಂದರೆ ಮೂರು ವರ್ಷ ನಡೆದು ಬರುತ್ತೇನೆ, ಮಾದಪ್ಪ ಎಂದು. ಅತ್ತೆ ಮನೆಗೆ ಬಂದಳು. ಅವರು ಎರಡು ವರ್ಷ ನಡೆದರು. ಸೋಮನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಅವರದು. ಮೂರನೆಯ ಶಿವರಾತ್ರಿಗೆ ಮುಂಚೆ ಒಂದು ಬೆಳಗ್ಗೆ ಎದೆ ಹಿಡಿದುಕೊಂಡಂತಾಗುತ್ತಿದೆ ಎಂದರು. ಆಸ್ಪತ್ರೆ ಮುಟ್ಟುವುದಕ್ಕೂ ಆಗಲಿಲ್ಲ. ನಮಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಆ ವರ್ಷ ಸೂತಕದಲ್ಲಿ ಕಳೆಯಿತು. ಮರುವರ್ಷ ಅವರೆಕಾಯಿ ಕಾಲ ಮುಗಿಯುತ್ತಿದ್ದಂತೆ ಅತ್ತೆ ಹಜಾರದಲ್ಲಿ ಕೂತು ಹಳೆಯ ಬಟ್ಟೆಚೀಲಕ್ಕೆ ಹೊಲಿಗೆ ಹಾಕಲು ಶುರು ಮಾಡಿದಳು. ನಮ್ಮ ಕಡೆ ತಾಯಿಗೆ ಬಹುವಚನ ಹಾಕುವುದಿಲ್ಲ, ನಾನು ಅತ್ತೆಗೂ ಹಾಕಿದವಳಲ್ಲ. ಎಲ್ಲಿಗೆ ಅತ್ತೆ, ಎಂದು ಕೇಳಿದೆ. ಬೆಟ್ಟಕ್ಕೆ ಎಂದಳು. ನಿನಗೆ ಇಷ್ಟು ದೂರ ನಡೆಯಲಿಕ್ಕಾಗುತ್ತದಾ, ಡಾಕ್ಟರು ಭಾರ ಎತ್ತಬೇಡ ಎಂದಿದ್ದಾರಲ್ಲ ಎಂದೆ. ಅವಳು ದಾರವನ್ನು ಹಲ್ಲಲ್ಲಿ ಕಡಿದು ಹೇಳಿದಳು:

"ಅವನು ನನ್ ಜೀವುಕ್ಕೆ ಅಂತ ಕಟ್ಕಂಡಿದ್ ಅರಕೆ. ಜೀವ ನಂದು ಉಳ್ಕತು. ಕಾಲೂ ನಂದೇ ನಡೀಲಿ ಬುಡು."

ಆಮೇಲೆ ಸೂಜಿಗೆ ಮತ್ತೆ ದಾರ ಪೋಣಿಸುತ್ತಾ, ನೀನೂ ಬರುವುದಾದರೆ ಬಾ ಎಂದಳು. ನಾನು ಆಗ ಮದ್ದೂರಿನ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತಿದ್ದೆ. ರಜೆ ಬರೆದುಕೊಟ್ಟು ಬಂದೆ. ಹರಕೆಯ ಮೇಲಿನ ಭಕ್ತಿಯಿಂದ ಎಂದು ಹೇಳಲಾರೆ. ಅವಳನ್ನು ಒಬ್ಬಳೇ ಕಳಿಸಿ ಆ ಮನೆಯಲ್ಲಿ ನಾನೊಬ್ಬಳೇ ಇರುವುದು ಬೇಡವಾಗಿತ್ತು.

ಮೊದಲ ದಿನ ಕಬ್ಬಿನ ಗದ್ದೆಗಳ ನಡುವೆಯೇ ಹೋಯಿತು. ಲಾರಿಯವರು ನಮ್ಮನ್ನು ನೋಡಿ ವೇಗ ಕಡಿಮೆ ಮಾಡುತ್ತಿದ್ದರು. ಅಲ್ಲಲ್ಲಿ ಯಾರೋ ಪುಣ್ಯಾತ್ಮರು ಚಪ್ಪರ ಹಾಕಿ ಮಜ್ಜಿಗೆ, ಕೋಸಂಬರಿ ಕೊಡುತ್ತಿದ್ದರು. ಅತ್ತೆ ಬರಿಗಾಲಲ್ಲಿ ನಡೆದಳು. ಗದ್ದೆ ಬದುವಿನ ಮೇಲೆ ನಡೆದು ಅಭ್ಯಾಸವಾದ ಅವಳ ಕಾಲು ಟಾರು ರಸ್ತೆಯನ್ನು ಲೆಕ್ಕಕ್ಕೇ ಇಡಲಿಲ್ಲ. ಅವಳನ್ನು ನೋಡಿಕೊಳ್ಳಲೆಂದು ಹೊರಟವಳು ನಾನು. ಮಳವಳ್ಳಿ ಮುಟ್ಟುವ ಹೊತ್ತಿಗೆ ಕುಂಟುತ್ತಿದ್ದವಳೂ ನಾನೇ.

ಮರುದಿನ ಕಾವೇರಿ ಸಿಕ್ಕಿತು. ಎಲ್ಲರೂ ನೀರಿಗಿಳಿದರು. ನಾನು ಬಂಡೆಯ ಮೇಲೆ ಕೂತು ಅಂಗಾಲು ನೋಡಿಕೊಳ್ಳುತ್ತಿದ್ದೆ. ಎರಡೂ ಕಾಲಿನಲ್ಲಿ ಬೊಬ್ಬೆ ಎದ್ದಿತ್ತು. ಅತ್ತೆ ಒದ್ದೆ ಸೀರೆಯಲ್ಲೇ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಲಿಗೆ ಕೈ ಹಾಕಿದಳು. ನಾನು ಬೆಚ್ಚಿ ಕಾಲು ಎಳೆದುಕೊಂಡೆ. ಅತ್ತೆಯ ಕೈಗೆ ಕಾಲು ಕೊಡುವುದೆಂದರೇನು?

"ಬೊಬ್ಬೆಗೇನು ಗೊತ್ತಮ್ಮಿ, ಅತ್ತೆ ಯಾರು ಸೊಸೆ ಯಾರು ಅಂತ. ಚಾಚು ಇತ್ಲಾಗೆ."

ಚೀಲಕ್ಕೆ ಹೊಲಿಗೆ ಹಾಕಿದ್ದ ಸೂಜಿಯನ್ನೇ ಬೆಂಕಿಕಡ್ಡಿಯಲ್ಲಿ ಕಾಯಿಸಿ, ಒಂದೊಂದೇ ಬೊಬ್ಬೆ ಚುಚ್ಚಿ ನೀರು ತೆಗೆದಳು. ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದಳು. ತನ್ನ ಹಳೆಯ ಸೀರೆಯ ಅಂಚು ಹರಿದು ಪಟ್ಟಿ ಕಟ್ಟಿದಳು. ಗಂಡ ಹೋದ ಮೇಲೆ ನನ್ನನ್ನು ಯಾರೂ ಅಷ್ಟು ಹೊತ್ತು ಮುಟ್ಟಿರಲಿಲ್ಲ ಎಂಬುದು ಆಗ ಗೊತ್ತಾಯಿತು. ನಾನು ಮುಖ ತಿರುಗಿಸಿಕೊಂಡು ಹೊಳೆಯನ್ನೇ ನೋಡುತ್ತಾ ಕಣ್ಣೀರು ಹಾಕಿದೆ. ನೋವಿಗೆ ಅಳುತ್ತಿದ್ದೇನೆ ಎಂದು ಅತ್ತೆ ಅಂದುಕೊಂಡಿರಬೇಕು, ಇನ್ನೊಂದೇ ಇರೋದು, ಇನ್ನೊಂದೇ ಎಂದು ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು.

ಕೊಳ್ಳೇಗಾಲದಲ್ಲಿ ಒಬ್ಬ ಹೂವಿನ ಹೆಂಗಸು ರಸ್ತೆ ಬದಿಯಲ್ಲಿ ಮಂಕರಿ ಇಟ್ಟುಕೊಂಡು, ಬೆಟ್ಟಕ್ಕೆ ಹೋಗುವ ಹೆಂಗಸರಿಗೆಲ್ಲ ಸುಮ್ಮನೆ ಒಂದೊಂದು ತುಂಡು ಹೂವು ಕೊಡುತ್ತಿದ್ದಳು. ನಮ್ಮ ಸರದಿ ಬಂದಾಗ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ನನ್ನ ಹಣೆ ನೋಡಿ ಅವಳೂ ತಡೆದಳು. ಅತ್ತೆ ಕೈ ಚಾಚಿ, ಎರಡು ತುಂಡು ಕೊಡವ್ವ ಎಂದು ಕೇಳಿ ಇಸಿದುಕೊಂಡಳು. ಒಂದನ್ನು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು. ಇಪ್ಪತ್ತೈದು ಮೂವತ್ತು ವರ್ಷದಿಂದ ಹೂವು ಕಾಣದ ತುರುಬು ಅದು. ಇನ್ನೊಂದನ್ನು ನನ್ನ ಜಡೆಗೆ ಮುಡಿಸಿದಳು. ಪರಿಸೆಯ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಅತ್ತೆ ಅವರ ಕಡೆ ತಿರುಗಿ, ದೇವರ ದಾರಿಯಲ್ಲಿ ಕೊಟ್ಟ ಹೂವನ್ನು ಬೇಡ ಅನ್ನಬಾರದು ಎಂದಷ್ಟೇ ಹೇಳಿ ನಡೆದಳು. ಆ ಸಂಜೆಯವರೆಗೂ ನನಗೆ ತಲೆ ಎತ್ತಲು ಒಂಥರಾ ಆಗುತ್ತಿತ್ತು. ಹೂವಿನ ವಾಸನೆ ಮಾತ್ರ ಬರುತ್ತಲೇ ಇತ್ತು.

ಹನೂರು ಬಿಟ್ಟ ಮೇಲೆ ಬಿಸಿಲು ಜಾಸ್ತಿಯಾಯಿತು, ಊರುಗಳು ಕಡಿಮೆಯಾದವು. ದೂರದಲ್ಲಿ ಬೆಟ್ಟಗಳು ಒಂದರ ಹಿಂದೆ ಒಂದು ಕಾಣತೊಡಗಿದವು. ಪರಿಸೆಯ ಉಳಿದವರು ಮುಂದೆ ಹೋಗಿದ್ದರು. ನನ್ನ ಕಾಲಿಗೆ ಸರಿಯಾಗಿ ಅತ್ತೆಯೂ ನಿಧಾನಕ್ಕೆ ನಡೆಯುತ್ತಿದ್ದಳು. ಅಲ್ಲಿ ಅವಳು ತನ್ನ ವಿಷಯ ಹೇಳಿದಳು. ನಾನು ಕೇಳಿರಲಿಲ್ಲ, ತಾನಾಗಿಯೇ ಶುರು ಮಾಡಿದಳು.

ಮಾವ ತೀರಿಕೊಂಡಾಗ ಅವಳಿಗೂ ಹೆಚ್ಚುಕಡಿಮೆ ನನ್ನ ವಯಸ್ಸೇ. ಕಂಕುಳಲ್ಲಿ ನನ್ನ ಗಂಡ, ಕೈಯಲ್ಲಿ ಅವರ ಅಕ್ಕ. ವರ್ಷ ಕಳೆದ ಮೇಲೆ ಮಳವಳ್ಳಿ ಕಡೆಯ ಒಬ್ಬರು ಅವಳ ಅಣ್ಣಂದಿರ ಹತ್ತಿರ ಕೇಳಿಸಿದ್ದರಂತೆ. ಹೆಂಡತಿ ಸತ್ತವರು, ಒಳ್ಳೆಯವರು, ಮಕ್ಕಳನ್ನೂ ಒಪ್ಪಿದ್ದರು. ಆ ಕಾಲದಲ್ಲೂ ನಮ್ಮವರಲ್ಲಿ ಗಂಡ ಸತ್ತವಳು ಮತ್ತೆ ಮಾಡಿಕೊಳ್ಳುವ ಕೂಡಿಕೆ ಮದುವೆ ಇಲ್ಲದೆ ಇರಲಿಲ್ಲ. ಆದರೆ ಅವಳ ಅತ್ತೆ ಬಾಗಿಲಲ್ಲಿ ಕೂತು, ಇವಳು ಹೋದರೆ ನನಗೆ ಯಾರು ಎಂದು ಅತ್ತಳಂತೆ. ಅಣ್ಣಂದಿರು ಹಾಗೆಯೇ ಹಿಂದಕ್ಕೆ ಹೋದರು.

ನಿನಗೆ ಬೇಜಾರಾಯಿತಾ ಅತ್ತೆ, ಎಂದು ಕೇಳಿದೆ.

"ಅವರು ಎಂಗಿದ್ರು ಅಂತ್ಲೂ ನಾನು ನೋಡ್ಲಿಲ್ಲ ಕಣಮ್ಮಿ. ಬೇಜಾರು ಯಾತುಕ್ಕೆ ಮಾಡ್ಕಳ್ಳಿ? ಆದ್ರೆ ನಿಂಗೇನ್ ಬೇಕು ಅಂತ ಒಂದ್ ಮಾತು ನನ್ನ ಕೇಳ್ಬೋದಾಗಿತ್ತು. ಯಾರೂ ಕೇಳ್ಲಿಲ್ಲ."

ಅಷ್ಟು ಹೇಳಿ, ಮುಂದಿನ ಚಪ್ಪರದಲ್ಲಿ ಕಲ್ಲಂಗಡಿ ಕೊಡುತ್ತಿರುವಂತಿದೆ, ಬೇಗ ನಡಿ ಎಂದಳು.

ತಾಳಬೆಟ್ಟದಲ್ಲಿ ತಂಗಿದೆವು. ಚಿರತೆ, ಆನೆ ಭಯಕ್ಕೆ ಕತ್ತಲಾದ ಮೇಲೆ ಕಾಡಿಗೆ ಬಿಡುತ್ತಿರಲಿಲ್ಲ. ಬೆಳಕು ಹರಿದ ಕೂಡಲೇ ಕಾಯಿ ಒಡೆದು, ಉಘೇ ಮಾದಪ್ಪ ಎನ್ನುತ್ತಾ ಹತ್ತಲು ಶುರು ಮಾಡಿದೆವು. ಕಾಡು ಒಣಗಿತ್ತು. ಬಿದಿರ ಮೆಳೆಗಳು ಗಾಳಿಗೆ ಕಿರುಗುಟ್ಟುತ್ತಿದ್ದವು. ಎಲೆ ಇಲ್ಲದ ಮುತ್ತುಗದ ಮರಗಳು ಮಾತ್ರ ಮೈತುಂಬ ಕೆಂಪು ಹೂವು ಬಿಟ್ಟು ನಿಂತಿದ್ದವು. ಮುಂದೆ ಹೋದವರ ಕಾಲಿನ ಧೂಳು ಮರದ ಎತ್ತರಕ್ಕೂ ಎದ್ದು ಬಿಸಿಲಿನಲ್ಲಿ ನಿಂತಂತೆ ಕಾಣುತ್ತಿತ್ತು. ದಾರಿ ಕೆಲವು ಕಡೆ ಬರೀ ಕಲ್ಲು. ಕೈ ಊರಿಕೊಂಡೇ ಹತ್ತಬೇಕು.

ಅರ್ಧ ಏರಿದ ಮೇಲೆ ಒಂದು ತಿರುವು ಬಂತು. ಪಕ್ಕದಲ್ಲಿ ಅಗಲವಾದ ಬಂಡೆ, ಮೇಲೆ ಬೇಲದ ಮರದ ನೆರಳು. ಪರಿಸೆಯನ್ನು ಕರೆದುಕೊಂಡು ಹೋಗುವ ಊರಿನ ಹಿರಿಯರೊಬ್ಬರು ನಮಗಾಗಿ ಅಲ್ಲಿ ಕಾದಿದ್ದರು. ಅವರು ನನ್ನ ಗಂಡನೊಡನೆ ಎರಡು ಸಲವೂ ನಡೆದವರು. ಅವರು ಹೇಳಿದ್ದು ಇಷ್ಟು: ಈ ಏರಿನಲ್ಲಿ ನನ್ನ ಗಂಡ ಮುಂದೆ ಹೋಗಿ ತಮ್ಮ ಚೀಲ ಈ ಬಂಡೆಯ ಮೇಲಿಟ್ಟು, ಮತ್ತೆ ಕೆಳಗಿಳಿದು ಬಂದು ಮುದುಕರ ಚೀಲ ಹೊತ್ತುಕೊಂಡು ಹತ್ತುತ್ತಿದ್ದರಂತೆ. ಸಾಕು ಕೂತ್ಕಳ್ಲಾ ಎಂದು ಗದರಿದರೆ ಇಲ್ಲಿ ಕೂತು ಬೀಡಿ ಸೇದುತ್ತಿದ್ದರಂತೆ. ನನ್ನ ಗಂಡ ಬೀಡಿ ಸೇದುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು.

ಹಿರಿಯರು ಮುಂದೆ ಹೋದರು. ಅತ್ತೆ ಬಂಡೆಯ ಮೇಲೆ ಕೂತಳು. ಅಂಗೈಯಿಂದ ಬಂಡೆಯನ್ನು ಸವರಿದಳು, ಮಲಗಿದವರ ಬೆನ್ನು ಸವರುವಂತೆ. ನಾನೂ ಪಕ್ಕದಲ್ಲಿ ಕೂತೆ. ಅಂದು ಮನೆಯಿಂದ ನನ್ನ ಗಂಡನನ್ನು ಎತ್ತಿಕೊಂಡು ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅಲ್ಲೇ. ಮನೆಯಲ್ಲಿ ಅವಳು ದನದ ಕೊಟ್ಟಿಗೆಯಲ್ಲಿ ಅಳುತ್ತಿದ್ದಳು, ನಾನು ಬಚ್ಚಲಲ್ಲಿ.

ಕಣ್ಣೊರೆಸಿಕೊಂಡು ಅತ್ತೆ ಕೇಳಿದಳು.

"ನಿಂಗೇನ್ ಬೇಕಮ್ಮಿ?"

ನೀರು ಬೇಕಾ ಎಂದು ಕೇಳುತ್ತಿದ್ದಾಳೇನೋ ಎಂದುಕೊಂಡು ಬಾಟಲಿಗೆ ಕೈ ಹಾಕಿದೆ. ಅವಳು ನನ್ನ ಕೈ ಹಿಡಿದುಕೊಂಡು, ನೀರಲ್ಲ, ಮುಂದಕ್ಕೆ ಏನು ಬೇಕು ಎಂದಳು. ನಿನಗಿನ್ನೂ ವಯಸ್ಸಿದೆ, ಮಗುವಿನ ಆಸೆ ಇರಬಹುದು, ಒಳ್ಳೆಯ ಹುಡುಗ ಸಿಕ್ಕರೆ ಮದುವೆ ಮಾಡಿಕೊ, ಇದನ್ನೇ ಮಾದಪ್ಪನ ಹತ್ತಿರವೂ ಕೇಳುತ್ತೇನೆ, ಆದರೆ ಮೊದಲು ನಿನ್ನನ್ನು ಕೇಳದೆ ಅವನನ್ನು ಕೇಳಬಾರದು ಎಂದಳು.

ಅವಳು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಒಂದೇ, ಆ ಮನೆಯಿಂದ ನನ್ನನ್ನು ಕಳಿಸುತ್ತಾಳೆ ಎಂದು. ಇಷ್ಟು ದೂರ ಕರೆದುಕೊಂಡು ಬಂದದ್ದು ಇದಕ್ಕೇನಾ, ನಾನು ನಿನಗೆ ಭಾರವಾದೆನಾ, ನನ್ನನ್ನು ಕಳಿಸಿಬಿಟ್ಟು ನೀನೇನು ಮಾಡುತ್ತೀಯ ಎಂದು ಏನೇನೋ ಕೇಳಿದೆ. ದನಿ ಜೋರಾಗಿದ್ದಿರಬೇಕು, ಹತ್ತುತ್ತಿದ್ದವರು ತಿರುಗಿ ನೋಡಿದರು.

ಅತ್ತೆ ಎಲ್ಲ ಕೇಳಿಸಿಕೊಂಡು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

"ನಿನ್ನ ಕಳುಸ್ಬುಟ್ಟು ನಾನು ಯಾಕೆ ಒಬ್ಳೇ ಇರ್ಲಿ? ನಾನೂ ಬತ್ತೀನಿ ಕಣೆ. ನಮ್ಮಿಬ್ರುನ್ನೂ ಇಟ್ಕಳೋ ಗಂಡು ನೋಡುವ."

ಅಳುತ್ತಿದ್ದ ನನಗೆ ನಗು ಬಂತು. ಅವಳು ನಗಲಿಲ್ಲ. ನಿಜವಾಗಿಯೇ ಹೇಳುತ್ತಿದ್ದಳು. ಕೆರಗೋಡಿನಲ್ಲಿ ಮಗಳ ಮನೆ ಇದೆಯಲ್ಲ, ಬೇಕಾದರೆ ಅಲ್ಲಿಗೆ ಹೋಗಬಹುದಲ್ಲ ಎಂದೆ. ಅಲ್ಲಿ ಮಗಳ ಅತ್ತೆ ಇದ್ದಾಳೆ, ಒಂದು ಒಲೆಯ ಮುಂದೆ ಇಬ್ಬರು ಅತ್ತೆಯರು ಕೂರಲಿಕ್ಕಾಗುವುದಿಲ್ಲ, ನನಗೆ ನಿನ್ನ ಸಾರೇ ಒಗ್ಗಿಹೋಗಿದೆ ಎಂದಳು. ಯೋಚನೆ ಮಾಡಬೇಕು ಎಂದೆ. ಮಾಡು, ಅವಸರವಿಲ್ಲ ಎಂದು ಎದ್ದು ಸೀರೆ ಕೊಡವಿಕೊಂಡಳು.

ಬೆಟ್ಟದ ಮೇಲೆ ಅಂತರಗಂಗೆಯಲ್ಲಿ ಮಿಂದು, ಬಹಳ ಹೊತ್ತು ಸಾಲಿನಲ್ಲಿ ನಿಂತು ದರ್ಶನ ಮಾಡಿದೆವು. ಅತ್ತೆ, ಮಗನ ಹರಕೆ ಮುಗಿಯಿತು ಎಂದು ಜೋರಾಗಿ ಹೇಳಿದಳು, ಕಿವಿ ಮಂದವಾದವರಿಗೆ ಹೇಳುವ ಹಾಗೆ. ಮಿಕ್ಕಿದ್ದನ್ನು ಕೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ವಾಪಸ್ಸು ಬಸ್ಸಿನಲ್ಲಿ ಬಂದೆವು. ಕಿಟಕಿಯ ಪಕ್ಕ ಕೂತು ಮಳವಳ್ಳಿಯವರೆಗೂ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು.

ನಾನು ಯೋಚನೆ ಮಾಡುವುದಕ್ಕೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅತ್ತೆ ಒಂದು ಸಲವೂ ಆ ಮಾತು ಎತ್ತಲಿಲ್ಲ. ನಮ್ಮ ಗಾರ್ಮೆಂಟ್ಸ್‌ನಲ್ಲಿ ಮಿಷನ್ನು ರಿಪೇರಿ ಮಾಡುವವರೊಬ್ಬರಿದ್ದರು, ತುಂಬ ಮಾತಿನವರಲ್ಲ. ಚಿಕ್ಕಂದಿನಲ್ಲೇ ತಾಯಿ ಹೋಗಿ, ತಂಗಿಯರ ಮದುವೆ ಮಾಡುವುದರಲ್ಲಿ ತಮ್ಮ ಮದುವೆ ಮರೆತವರು. ಒಂದು ದಿನ ಅವರು ನೇರವಾಗಿ ಕೇಳಿದರು. ನಾನು, ಮನೆಗೆ ಬಂದು ನಮ್ಮ ಅತ್ತೆಯನ್ನು ಕೇಳಿ, ಎಂದೆ. ಬಂದರು. ಅತ್ತೆ ಕಾಫಿ ಲೋಟ ಕೈಗೆ ಕೊಡುವ ಮೊದಲೇ, ಇವಳು ಬರುವುದಾದರೆ ನಾನೂ ಬರುತ್ತೇನೆ, ನನ್ನದೊಂದು ಹಸುವೂ ಬರುತ್ತದೆ, ನಿನಗೆ ಏನು ಅನ್ನಿಸುತ್ತದಪ್ಪ ಎಂದಳು. ಅವರು, ಹಸು ಕಟ್ಟಲು ಜಾಗ ಮಾಡಬೇಕಾಗುತ್ತದೆ ಎಂದರು. ಅತ್ತೆ ಆಗ ಕಾಫಿ ಕೊಟ್ಟಳು.

ಮಾತಾಡುವವರು ಮಾತಾಡಿದರು. ನನ್ನ ಅಣ್ಣನೇ ಮದುವೆಗೆ ಬರುವುದಿಲ್ಲ ಎಂದಿದ್ದ, ಕೊನೆಗೆ ಬಂದ. ಹೊಳೆ ಪಕ್ಕದ ಸಣ್ಣ ಗುಡಿಯಲ್ಲಿ ಮದುವೆಯಾಯಿತು. ಧಾರೆಗೆ ಯಾರು ಎಂದು ಅಯ್ನೋರು ಕೇಳಿದಾಗ ಅತ್ತೆ ತಂಬಿಗೆ ಹಿಡಿದು ಮುಂದೆ ಬಂದಳು. ಅವರು ಒಂದು ಗಳಿಗೆ ತಡೆದರು, ಆಮೇಲೆ ಮಂತ್ರ ಹೇಳಿದರು. ಧಾರೆಯ ನೀರನ್ನು ಅತ್ತೆಯೇ ಬಿಟ್ಟಳು.

ಈಗ ನಾವು ಮದ್ದೂರಿನಲ್ಲಿದ್ದೇವೆ. ನಮಗೊಬ್ಬ ಮಗಳಿದ್ದಾಳೆ, ಅಜ್ಜಿಯ ಪಕ್ಕದಲ್ಲೇ ಮಲಗುತ್ತಾಳೆ. ಅತ್ತೆಗೆ ಮೊಣಕಾಲು ನೋವು ಶುರುವಾಗಿದೆ. ಮೊನ್ನೆ ಮಂಡ್ಯದ ಆಸ್ಪತ್ರೆಗೆ ಮೂವರೂ ಹೋಗಿದ್ದೆವು. ಇವರು ನಿಮಗೇನಾಗಬೇಕು ಎಂದು ನರ್ಸ್ ಕೇಳಿದಾಗ ನನ್ನ ಗಂಡ, ನಮ್ಮತ್ತೆ ಎಂದರು. ಹಾಗಾದರೆ ನಿಮ್ಮ ತಾಯಿನಾ ಎಂದು ಆಕೆ ನನ್ನ ಕಡೆ ತಿರುಗಿದಳು.

"ಇಲ್ಲ ಕಣವ್ವ, ಇವ್ಳಿಗೂ ಅತ್ತೆನೇ," ಎಂದಳು ಅತ್ತೆ.

ಆ ನರ್ಸ್ ಹುಡುಗಿ ನಮ್ಮಿಬ್ಬರ ಮುಖವನ್ನೂ ನೋಡಿದಳು. ಅತ್ತೆ ಬಿಡಿಸಿ ಹೇಳುವ ಗೋಜಿಗೆ ಹೋಗದೆ, ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ನೋವು ಎಲ್ಲಿ ಎಂದು ಬೆರಳಿಟ್ಟು ತೋರಿಸತೊಡಗಿದಳು.