ದೊಡ್ಡಾಂವನ ದನಿ

ಗೋಡೆಯ ಮೇಲೊಂದು ಗುಂಡಿ ಕಂಡರೆ ಒತ್ತದೆ ಮುಂದೆ ಹೋಗುವ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಕಂಡರೆ ಅವನಿಗೆ ಅಡ್ಡ ಬೀಳಲು ಸಿದ್ಧನಿದ್ದೇನೆ. ದಾಂಡೇಲಿಯ ವನ್ಯಜೀವಿ ಸಂಗ್ರಹಾಲಯದಲ್ಲಿ ಒಂದೊಂದು ಚಿತ್ರದ ಕೆಳಗೂ ಅಂಥ ಗುಂಡಿಯಿದೆ, ಒತ್ತಿದರೆ ಆಯಾ ಪ್ರಾಣಿ ಕೂಗುತ್ತದೆ. ಹಳಿಯಾಳದಿಂದ ಹೆಂಡತಿಯನ್ನೂ ಎಂಟು ವರ್ಷದ ಮೊಮ್ಮಗಳನ್ನೂ ಕರೆದೊಯ್ದಿದ್ದ ನಾನು, ನನ್ನ ನಲವತ್ತು ವರ್ಷದ ಕೀರ್ತಿಗೆ ಅಲ್ಲೇ ಕುತ್ತು ಬಂದೀತೆಂದು ಎಣಿಸಿರಲಿಲ್ಲ.

ಕೀರ್ತಿಯ ಮೂಲವನ್ನು ನಿಮಗೆ ಹೇಳಿಬಿಡುತ್ತೇನೆ. ಮದುವೆಯಾದ ಹೊಸತರಲ್ಲಿ ಒಂದು ಮುಸ್ಸಂಜೆ ಜೊಯಿಡಾ ಕಡೆಯ ಕಾಡುದಾರಿಯಲ್ಲಿ ನಾವಿಬ್ಬರೂ ನಡೆದು ಬರುವಾಗ ಪೊದೆಯಾಚೆ ಏನೋ ಅಬ್ಬರಿಸಿತು. ನಮ್ಮ ಕಡೆ ಹುಲಿಯ ಹೆಸರೆತ್ತುವುದಿಲ್ಲ, ‘ದೊಡ್ಡಾಂವ’ ಎನ್ನುವುದು ರೂಢಿ. ‘ದೊಡ್ಡಾಂವ ಬಂದಿದ್ದ, ನಾ ಇಕಿ ಮುಂದ ಅಡ್ಡ ನಿಂತೆ’ ಎಂದು ಊರಲ್ಲಿ ಹೇಳಿದೆನಷ್ಟೆ. ಉಗುರು, ಹಲ್ಲು, ಬಾಲಗಳನ್ನು ಕೇಳಿದವರೇ ಜೋಡಿಸಿಕೊಂಡರು. ಬೇಡವೆನ್ನಲು ನಾನೇನು ವಿರಕ್ತನೇ?

ಮೊಮ್ಮಗಳು ಮೊದಲು ಒತ್ತಿದ್ದು ಹುಲಿಯ ಗುಂಡಿ. ‘ಹಿಂಗ ಕೂಗಿತ್ತೇನ್ ಅಜ್ಜಾ?’ ಎಂದಳು. ಆ ಗರ್ಜನೆಯ ಪರಿಚಯವೇ ನನಗಿರಲಿಲ್ಲ, ಸುಮ್ಮನೆ ಕೆಮ್ಮಿದೆ. ಅವಳು ಮುಂದಿನದನ್ನು ಒತ್ತಿದ್ದೇ ತಡ, ಮೈಮೇಲಿನ ರೋಮವೆಲ್ಲ ನಿಮಿರಿ, ‘ಇದ, ಇದ ದನಿ ನೋಡು’ ಎಂದುಬಿಟ್ಟೆ. ಬಾಯಿ ಮುಚ್ಚಿಕೊಂಡು ಚಿತ್ರ ನೋಡಿದರೆ ಆಡಿನಷ್ಟೇ ಎತ್ತರದ, ಕಣ್ಣರಳಿಸಿ ನಿಂತ ಸಣ್ಣ ಜಿಂಕೆ. ಹೆಸರು ಕಾಡುಕುರಿ, ಹೆದರಿದರೆ ಬೊಗಳುತ್ತದಂತೆ.

‘ನೀ ಕುರಿಗೆ ಅಂಜಿದ್ಯಾ ಅಜ್ಜಾ?’

ಮಾನ ಹೋಗುವುದಕ್ಕೂ ಒಂದು ಮುಹೂರ್ತ ಬೇಡವೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಅಷ್ಟರಲ್ಲಿ ಹೆಂಡತಿ, ‘ಬಂದದ್ದು ಏನರ ಇರಲಿ ನಮ್ಮವ್ವಾ, ನಿಮ್ಮಜ್ಜ ಓಡಲಿಲ್ಲ. ನನ್ನ ಮುಂದ ನಿಂತಿದ್ರು, ನಾ ನೋಡೇನಿ’ ಎಂದಳು. ಮೊಮ್ಮಗಳು ಸಮಾಧಾನದಿಂದ ಕಾಡುಕೋಣದ ಕಡೆಗೆ ನಡೆದಳು. ನನಗೆ ಮಾತ್ರ ಆ ದಯೆ ಅವಮಾನಕ್ಕಿಂತ ಹೆಚ್ಚು ಚುಚ್ಚಿತು.

ಹೊರಗೆ ಚಹಾ ಕುಡಿಯುವಾಗ ತಡೆಯಲಾಗಲಿಲ್ಲ. ‘ಆವತ್ತ ನಾನೂ ಓಡಾಂವನ ಇದ್ದೆ. ಧೋತರದ ಚುಂಗು ಹಿಂದ ಮುಳ್ಳಿಗೆ ಸಿಕ್ಕೊಂಡಿತ್ತು, ಅದಕ್ಕ ನಿಂತೆ’ ಎಂದು ನಲವತ್ತು ವರ್ಷ ಬಚ್ಚಿಟ್ಟದ್ದನ್ನು ಒಪ್ಪಿಕೊಂಡೆ.

ಅವಳು ಚಹಾ ಬಸಿಗೆ ಸುರಿದುಕೊಂಡು, ಆರಿಸುತ್ತ, ನನ್ನ ಮುಖ ನೋಡದೆ ಹೇಳಿದಳು: ‘ಗೊತ್ತೈತ್ರಿ. ಅದು ಇನ್ನೂ ಕೂಗ್ತಿದ್ದಾಗನ ನಾ ಆ ಚುಂಗು ಬಿಡಿಸಿದ್ದೆ. ಆಮ್ಯಾಲೂ ನೀವು ನಿಂತ ಇದ್ರಿ.’