ಖೋಸಿಯತ್ ಮುಖದ ಬಟ್ಟೆ ತೆಗೆದ ವರ್ಷ

ಸಮರ್ಕಂದದ ದೊಡ್ಡ ಚೌಕ ಗುಡಿಸುವ ಹೆಂಗಸರು ಕಣ್ಣೆರಡು ಬಿಟ್ಟು ಮುಖವನ್ನೆಲ್ಲ ಬಿಳಿ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಿದ್ದರು. ಧೂಳಿಗೆ, ಬಿಸಿಲಿಗೆ ಎನ್ನುತ್ತಿದ್ದರು. ಖೋಸಿಯತ್‌ಗೆ ಮಾತ್ರ ಅದು ಮಾನ ಕಾಯುವ ಬಟ್ಟೆ. ಅವಳು ಹಿಂದೆ ಶಾಲೆಯಲ್ಲಿ ಪಾಠ ಹೇಳಿದವಳು. ಪೊರಕೆ ಹಿಡಿದು ಹದಿನಾಲ್ಕು ವರ್ಷವಾಗಿತ್ತು. ಅವಳ ಕೈಲಿ ಅಕ್ಷರ ಕಲಿತವರು ಪ್ರವಾಸಿಗರನ್ನು ಕರೆದುಕೊಂಡು ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಒಬ್ಬರೂ ಗುರುತು ಹಿಡಿದಿರಲಿಲ್ಲ.

ಆ ವಸಂತದಲ್ಲಿ ಚೌಕದ ಸುತ್ತ ಬೇಲಿ ಬಂತು. ಎಲ್ಲ ಕಡೆ ತೆರೆದಿದ್ದ ಜಾಗಕ್ಕೆ ಈಗ ಎರಡೇ ಬಾಗಿಲು. ಕಂಬಕಂಬಕ್ಕೂ ಕ್ಯಾಮೆರಾ. ಅಡ್ಡ ಬಂದ ಕೊಂಬೆಗಳನ್ನು ಕಡಿದುಹಾಕಿದರು. ಮೇಸ್ತ್ರಿ ನೊದಿರ್ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ.

"ಇವತ್ತಿಂದ ಯಾರೂ ಮುಖ ಮುಚ್ಚೋ ಹಾಗಿಲ್ಲ. ಒಳಗೆ ಬಂದೋರು ಯಾರು ಅಂತ ಕ್ಯಾಮೆರಾಗೆ ಗೊತ್ತಾಗ್ಬೇಕು."

"ನಮ್ ಮುಖ ನೋಡಿ ಅದು ಕೆಟ್ಟುಹೋದ್ರೆ ನಮ್ಮನ್ನ ಬಯ್ಬೇಡಪ್ಪ," ಎಂದಳು ಮುಕದ್ದಸ್, ಖೋಸಿಯತ್‌ಳ ಜೊತೆಗಾತಿ.

ಎಲ್ಲರೂ ನಕ್ಕರು. ನೊದಿರ್ ನಗಲಿಲ್ಲ. ಒಬ್ಬೊಬ್ಬರ ಕೈಗೂ ಒಂದು ಪುಟ್ಟ ಫೋನು ಕೊಟ್ಟ. "ಬಿಟ್ಟುಹೋದ ಚೀಲ, ಡಬ್ಬಿ ಏನು ಕಂಡ್ರೂ ಮುಟ್ಬೇಡಿ. ಈ ಗುಂಡಿ ಒತ್ತಿ. ಅಷ್ಟೇ."

ಮುಂದಿನ ತಿಂಗಳು ಮುಕದ್ದಸ್ ಚಪ್ಪಲಿಯ ಖಾಲಿ ಡಬ್ಬಿಯೊಂದನ್ನು ತಾನೇ ಎತ್ತಿ ಕಸಕ್ಕೆ ಹಾಕಿದಳು. ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ.

ಎಲೆ ಉದುರುವ ಕಾಲದ ಒಂದು ಬೆಳಿಗ್ಗೆ ಖೋಸಿಯತ್‌ಗೆ ಬೆಂಚಿನ ಮೇಲೆ ಕಂದು ಚೀಲವೊಂದು ಕಂಡಿತು. ಬಾಯಿ ಅರ್ಧ ತೆರೆದಿತ್ತು. ಒಳಗಿಂದ ಎರಡು ತಂತಿ ಇಣುಕುತ್ತಿದ್ದವು. ಸುತ್ತ ಯಾರೂ ಇಲ್ಲ. ಅವಳು ಮೇಲೆ ನೋಡಿದಳು. ಕಂಬದ ಕ್ಯಾಮೆರಾ ಅವಳ ಕಡೆಗೇ ತಿರುಗಿತ್ತು. ಗುಂಡಿ ಒತ್ತಿದಳು.

ಐದು ನಿಮಿಷದಲ್ಲಿ ಎರಡೂ ಬಾಗಿಲು ಮುಚ್ಚಿದವು. ಪೊಲೀಸರ ಸೀಟಿಗಳು ಕೂಗಿದವು. ಅಷ್ಟರಲ್ಲಿ ನಲ್ಲಿಯ ಕಡೆಯಿಂದ ಒಬ್ಬ ಮುದುಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. "ನಿಲ್ಲು!" ಎಂದು ಮೂರು ಸಲ ಕೂಗಿದರೂ ನಿಲ್ಲದೆ ಬೆಂಚಿನತ್ತ ನಡೆದ.

ಅವಳ ಓಣಿಯ ತುರ್ದಿಕುಲ್ ಅಜ್ಜ! ಬಸ್ ಓಡಿಸಿ ನಿವೃತ್ತನಾದವನು; ಎರಡು ಕಿವಿಯೂ ಮಂದ. ಆ ಚೀಲದಲ್ಲಿ ಹೆಂಡತಿಯ ಕೆಟ್ಟ ರೇಡಿಯೋವನ್ನು ರಿಪೇರಿಗೆ ಒಯ್ಯುತ್ತಿದ್ದ ಎಂಬುದು ಆಮೇಲೆ ತಿಳಿಯಿತು.

ನಾಲ್ವರು ಅವನನ್ನು ನೆಲಕ್ಕೆ ಕೆಡವಿದರು. 'ಅವರಿಗೆ ಕಿವಿ ಕೇಳಿಸಲ್ಲ, ನಮ್ಮ ಓಣಿಯವರು' ಎಂದು ಹೇಳಲು ಖೋಸಿಯತ್ ಬಾಯಿ ತೆರೆದಳು. ಕಂಬದ ಕ್ಯಾಮೆರಾ ನೋಡಿ ಮುಚ್ಚಿಕೊಂಡಳು. ಅಜ್ಜನ ಕೆನ್ನೆ ಕಲ್ಲಿಗೆ ಒತ್ತಿಕೊಂಡಿತ್ತು; ಕಣ್ಣು ಅವಳ ಮೇಲಿತ್ತು. ಅವನನ್ನು ಕಾರಿಗೆ ಹತ್ತಿಸಿದ ಮೇಲೆ ಅಧಿಕಾರಿಯೊಬ್ಬ ಬಂದು, "ಒಳ್ಳೆ ಕೆಲಸ ಮಾಡಿದ್ರಿ, ಓಪಾ," ಎಂದ. ಅಕ್ಕ ಎಂದು ಅವನು ಕರೆದದ್ದು ಕೇಳಿ ಅವಳು ಪೊರಕೆ ಎತ್ತಿಕೊಂಡು ಆಚೆ ತುದಿಗೆ ನಡೆದಳು.

ಸಂಜೆ ಅಜ್ಜನ ಹೆಂಡತಿ ರೊಹತ್ ಬಾಗಿಲು ತಟ್ಟಿದಳು. "ಆ ಹೊತ್ತಲ್ಲಿ ನೀನು ಅಲ್ಲೇ ಇರ್ತೀಯಲ್ಲ ಮಗಳೇ. ಅವರನ್ನ ಯಾಕೆ ಹಿಡ್ಕೊಂಡ್ ಹೋದ್ರು? ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಖೋಸಿಯತ್‌ಳ ಕೈ ತಾನಾಗಿಯೇ ಗಲ್ಲದ ಕಡೆ ಹೋಯಿತು. ಎಳೆದುಕೊಳ್ಳಲು ಅಲ್ಲಿ ಬಟ್ಟೆ ಇರಲಿಲ್ಲ.

"ನಾನು ಆಚೆ ತುದೀಲಿ ಗುಡಿಸ್ತಿದ್ದೆ. ನೋಡ್ಲಿಲ್ಲ."

ರೊಹತ್ ತುಂಬ ಹೊತ್ತು ಅವಳ ಮುಖವನ್ನೇ ನೋಡಿದಳು. "ಹೌದಾ," ಎಂದಳು. ಒಳಗೆ ಬಾ ಎಂದರೂ ಬರಲಿಲ್ಲ.

ಹನ್ನೊಂದನೆಯ ದಿನ ಅಜ್ಜ ಮನೆಗೆ ಬಂದ. ಒಂದು ಕಾಲು ಎಳೆದು ನಡೆಯುತ್ತಿದ್ದ. ಏನಾಯಿತೆಂದು ಹೆಂಡತಿಗೂ ಹೇಳಲಿಲ್ಲ. ಗುಂಡಿ ಒತ್ತಿದ್ದು ಯಾರೆಂಬ ಸುದ್ದಿ ಮಾತ್ರ ಅಷ್ಟರಲ್ಲಿ ಚೌಕದಿಂದ ಓಣಿಗೆ ತಲುಪಿತ್ತು. ಚೌಕದ ಬೆಂಚುಗಳನ್ನು ಕಿತ್ತು ಲಾರಿಗೆ ತುಂಬಿದರು. ಖೋಸಿಯತ್ ಅವನ ಮನೆಯ ಮುಂದೆ ಎರಡು ಸಲ ಹೋಗಿ ಬಾಗಿಲು ತಟ್ಟದೆ ಹಿಂತಿರುಗಿದಳು.

ಒಂದು ಶುಕ್ರವಾರ ಓಣಿಯಲ್ಲಿ ಇಬ್ಬರೂ ಎದುರಾದರು. ಅವಳು ಸಲಾಂ ಹೇಳುವ ಮೊದಲೇ ಆ ಎಪ್ಪತ್ತಾರರ ಮುದುಕ ಗೋಡೆಗೆ ಸರಿದು ದಾರಿ ಬಿಟ್ಟ. ಬಲಗೈ ಎದೆಗಿಟ್ಟು ಬಾಗಿದ, ಕಚೇರಿಯ ಬಾಗಿಲಲ್ಲಿ ಸಾಹೇಬರಿಗೆ ಬಾಗುವ ಹಾಗೆ.

"ಅಜ್ಜ, ನಾನು..."

"ಚೆನ್ನಾಗಿದೀರಾ ತಾಯಿ? ಮನೇಲೆಲ್ಲ ಕ್ಷೇಮಾನಾ?" ಎಂದು ಎರಡೂ ಕಿವಿ ಮುಚ್ಚಿಕೊಂಡವನಂತೆ ಗಟ್ಟಿಯಾಗಿ ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಅಂದು ಓಣಿಯ ತಂದೂರಿನ ಬಳಿ ರೊಟ್ಟಿಗೆ ನಿಂತಿದ್ದ ಹೆಂಗಸರ ಮಾತು ಅವಳು ಬಂದೊಡನೆ ನಿಂತಿತು. ಮುಂದಿದ್ದವಳು ಪಕ್ಕಕ್ಕೆ ಸರಿದಳು.

"ನೀವು ಮೊದಲು ತಗೊಳ್ಳಿ, ಓಪಾ."

ಬೇಡ ಎನ್ನುವ ಧೈರ್ಯ ಅವಳಿಗೆ ಬರಲಿಲ್ಲ.